ಆಂಬುಲೆನ್ಸ್ ಬಂದಿದೆ, ಈಗ ನಾಯಿಯನ್ನು ಯಾರು ನೋಡಿಕೊಳ್ಳಬೇಕು?

ಇಂಗ್ಲೆಂಡಿನಲ್ಲಿ ನನ್ನದು ಕೇರರ್ ಕೆಲಸ. ವಯಸ್ಸಾದವರ ಮನೆಗೇ ಹೋಗಿ ಸ್ನಾನ, ಮಾತ್ರೆ, ಊಟ ನೋಡಿಕೊಳ್ಳುವುದು. ಹೋಗುವ ಮನೆಗಳಲ್ಲಿ ಹೆಚ್ಚಿನ ಕಡೆ ಒಬ್ಬರೇ ಇರುತ್ತಾರೆ, ಜೊತೆಗೆ ಒಂದು ನಾಯಿಯೋ ಬೆಕ್ಕೋ. ಗಂಡನೋ ಹೆಂಡತಿಯೋ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ, ಮಕ್ಕಳು ಬೇರೆ ಊರಲ್ಲಿರುತ್ತಾರೆ, ಬೆಳಗಿನಿಂದ ರಾತ್ರಿವರೆಗೂ ಅವರು ಮಾತಾಡಿಸುವುದು ಆ ಪ್ರಾಣಿಯನ್ನೇ.

ಈ ಕೆಲಸದಲ್ಲಿ ಪದೇ ಪದೇ ಕಂಡ ಒಂದು ವಿಷಯವನ್ನು ಊರಿನವರಿಗೂ ಹೇಳಬೇಕು ಅನ್ನಿಸಿದೆ. ಹುಷಾರು ತಪ್ಪಿದಾಗ ಇವರು ಆಸ್ಪತ್ರೆಗೆ ಹೋಗಲು ಒಪ್ಪುತ್ತಾರೋ ಇಲ್ಲವೋ ಅನ್ನುವುದು ಕಾಯಿಲೆ ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ನಿಂತಿರುವುದಿಲ್ಲ. ಮನೆಯಲ್ಲಿರುವ ಪ್ರಾಣಿಯ ಗತಿ ಏನು ಅನ್ನುವುದರ ಮೇಲೆ ನಿಂತಿರುತ್ತದೆ. ನೋವು ನುಂಗಿಕೊಂಡು, ಫೋನನ್ನೇ ಮಾಡದೆ ಎರಡು ದಿನ ಸುಮ್ನೆ ಮಲಗಿದ್ದವರನ್ನೂ ನೋಡಿದ್ದೇನೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಬೆಳಿಗ್ಗೆ ಹೋದಾಗ ಉಸಿರಾಡಲು ಕಷ್ಟಪಡುತ್ತಿದ್ದರು, ತುಟಿ ನೀಲಿಯಾಗಿತ್ತು. ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸಿನವರು ಬಂದು ಆಕ್ಸಿಜನ್ ಮಾಸ್ಕ್ ಹಾಕಿದರು. ಅಜ್ಜಿ ಅದನ್ನು ಕಿತ್ತು ಪಕ್ಕಕ್ಕಿಟ್ಟು, "ಇವನನ್ನು ಯಾರು ನೋಡಿಕೊಳ್ಳುತ್ತಾರೆ ಹೇಳಿ, ಆಮೇಲೆ ಬರುತ್ತೇನೆ" ಅಂದರು. ಮತ್ತೆ ಹಾಕಿದರೆ ಮತ್ತೆ ತೆಗೆದರು. ಅವರ ಟೆರಿಯರ್ ಜಾತಿಯ ನಾಯಿ ಕುರ್ಚಿ ಕೆಳಗೆ ಸೇರಿಕೊಂಡು ಆ ದೊಡ್ಡ ಬೂಟುಗಳನ್ನು ನೋಡಿ ಗುರ್ ಅನ್ನುತ್ತಿತ್ತು. ಆಂಬುಲೆನ್ಸಿನಲ್ಲಿ ನಾಯಿಯನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ನಾನು ಮನೆಗೆ ಒಯ್ಯಲು ನಮ್ಮ ಕೆಲಸದ ನಿಯಮ ಬಿಡುವುದಿಲ್ಲ. ಅಷ್ಟರಲ್ಲಿ ಆ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುವ ಸ್ವಯಂಸೇವಕಿ, ಅದೇ ಬೀದಿಯವರು, ತಮ್ಮ ಹತ್ತಿರ ಇದ್ದ ಕೀಲಿಯಿಂದ ಬಾಗಿಲು ತೆಗೆದುಕೊಂಡು ಒಳಗೆ ಬಂದರು. ನಾಯಿ ಕುರ್ಚಿ ಕೆಳಗಿನಿಂದ ಹೊರಗೆ ಬಂದು ಸೀದಾ ಅವರ ಕಾಲಿನ ಹತ್ತಿರ ಕುಳಿತಿತು. ಅಜ್ಜಿ ಅದನ್ನು ನೋಡಿದರು, ಮಾಸ್ಕನ್ನು ತಾವೇ ಹಾಕಿಕೊಂಡರು.

ಆ ಸ್ವಯಂಸೇವಕಿ ಸಿನಮನ್ ಟ್ರಸ್ಟ್ ಅನ್ನುವ ಸಂಸ್ಥೆಯವರು. 1985ರಲ್ಲಿ ಏವ್ರಿಲ್ ಜಾರ್ವಿಸ್ ಅನ್ನುವವರು ಶುರು ಮಾಡಿದ್ದು, ಸಿನಮನ್ ಅನ್ನುವುದು ಅವರ ಕಾರ್ಗಿ ನಾಯಿಯ ಹೆಸರು. ವಯಸ್ಸಾದವರಿಗೆ, ಗುಣವಾಗದ ಕಾಯಿಲೆ ಇರುವವರಿಗೆ ತಮ್ಮ ಪ್ರಾಣಿಯನ್ನು ಬಿಟ್ಟುಕೊಡದೆ ಬದುಕಲು ಸಹಾಯ ಮಾಡುವುದೇ ಇವರ ಕೆಲಸ. ದೇಶದ ತುಂಬಾ ಸಾವಿರಾರು ಸ್ವಯಂಸೇವಕರಿದ್ದಾರೆ. ನಾಯಿಯನ್ನು ಓಡಾಡಿಸುತ್ತಾರೆ, ಪ್ರಾಣಿಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ, ಯಜಮಾನರು ಆಸ್ಪತ್ರೆಯಲ್ಲಿದ್ದಾಗ ತಮ್ಮ ಮನೆಯಲ್ಲೇ ಇಟ್ಟುಕೊಂಡು ಸಾಕುತ್ತಾರೆ. ಯಜಮಾನರು ತೀರಿಕೊಂಡರೆ ಪ್ರಾಣಿಯನ್ನು ಕೊನೆವರೆಗೂ ನೋಡಿಕೊಳ್ಳುವ ಏರ್ಪಾಡೂ ಇದೆ, ಆದರೆ ಅದನ್ನು ಮುಂಚೆಯೇ ಮಾತಾಡಿಕೊಂಡಿರಬೇಕು. ನಾಯಿಗಳಿಗಾಗಿ ಡಾಗ್ಸ್ ಟ್ರಸ್ಟ್ ಅನ್ನುವ ಇನ್ನೊಂದು ಸಂಸ್ಥೆ ಒಂದು ಕಾರ್ಡ್ ಕೊಡುತ್ತದೆ, ಯಜಮಾನರಿಗೆ ಏನಾದರೂ ಆದರೆ ನಾಯಿಯ ಜವಾಬ್ದಾರಿ ನಮ್ಮದು ಅಂತ.

ಕಾನೂನೂ ಇದೆ. 2014ರ ಕೇರ್ ಆಕ್ಟಿನ 47ನೇ ಸೆಕ್ಷನ್ ಪ್ರಕಾರ, ಒಬ್ಬರು ಆಸ್ಪತ್ರೆಗೋ ಕೇರ್ ಹೋಮಿಗೋ ಹೋಗಿ, ಅವರ ವಸ್ತುಗಳನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ, ಆ ಊರಿನ ಕೌನ್ಸಿಲ್ಲೇ, ಅಂದರೆ ಸ್ಥಳೀಯ ಆಡಳಿತವೇ, ಅದಕ್ಕೆ ವ್ಯವಸ್ಥೆ ಮಾಡಬೇಕು. ಸರ್ಕಾರದ ಮಾರ್ಗಸೂಚಿಯಲ್ಲಿ ಸಾಕುಪ್ರಾಣಿಯೂ ಇದರಲ್ಲಿ ಸೇರುತ್ತದೆ ಅಂತ ಬರೆದೇ ಇದೆ. ಖರ್ಚನ್ನು ಆಮೇಲೆ ಅವರಿಂದ ವಸೂಲಿ ಮಾಡಬಹುದು. ಒಳ್ಳೆಯ ಕಾನೂನೇ, ಬೇಡ ಅನ್ನುವುದಿಲ್ಲ. ಆದರೆ ಹನ್ನೆರಡು ವರ್ಷ ಒಂದೇ ಸೋಫಾದ ಮೇಲೆ ಮಲಗಿದ ಮುದಿ ನಾಯಿಯನ್ನು ಯಾರೋ ಗೊತ್ತಿಲ್ಲದವರು ವ್ಯಾನಿನಲ್ಲಿ ಹಾಕಿಕೊಂಡು ಕೆನಲ್ಲಿಗೆ, ಅಂದರೆ ದುಡ್ಡಿಗೆ ನಾಯಿಗಳನ್ನು ಇಟ್ಟುಕೊಳ್ಳುವ ಜಾಗಕ್ಕೆ, ಬಿಡುವುದನ್ನು ಯೋಚಿಸಿದರೆ ಹೊಟ್ಟೆ ಹಿಂಡುತ್ತದೆ. ಲಸಿಕೆಯ ಕಾರ್ಡ್ ಸಿಗದಿದ್ದರೆ ಎಷ್ಟೋ ಕೆನಲ್‌ಗಳು ಸೇರಿಸಿಕೊಳ್ಳುವುದೂ ಇಲ್ಲ. ಕಾನೂನು ಕಟ್ಟಕಡೆಗೆ ಇರಲಿ. ಅದಕ್ಕಿಂತ ಮೊದಲು ಒಬ್ಬ ಮನುಷ್ಯ ಬೇಕು.

ನಾನು ಒತ್ತಿ ಹೇಳಬೇಕು ಅಂದುಕೊಂಡಿದ್ದು ಇದೇ. ಕಾಗದದಲ್ಲಿ ಯಾರದ್ದೋ ಹೆಸರು ಬರೆದಿಟ್ಟರೆ ಸಾಲದು. ಆ ವ್ಯಕ್ತಿ ಆ ಮನೆಯೊಳಗೆ ನಾಲ್ಕಾರು ಸಲ ಬಂದುಹೋಗಿರಬೇಕು, ಅವರ ಕೈಯಿಂದ ಆ ಪ್ರಾಣಿ ತಿಂದಿರಬೇಕು, ಮನೆ ಕೀಲಿ ಅವರ ಹತ್ತಿರ ಇರಬೇಕು. ಇಲ್ಲಿ ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯುವ ಪುಟ್ಟ ಕೀಲಿ ಪೆಟ್ಟಿಗೆ ಇಡುತ್ತಾರೆ, ಆ ನಂಬರ್ ಅವರಿಗೂ ಗೊತ್ತಿರಬೇಕು. ಒಬ್ಬರಲ್ಲ, ಇಬ್ಬರಿದ್ದರೆ ಒಳ್ಳೆಯದು, ಬೇಕಾದ ದಿನವೇ ಒಬ್ಬರು ಊರಲ್ಲಿಲ್ಲದೆ ಹೋಗಬಹುದು.

ಆಮೇಲೆ ಒಂದು ಹಾಳೆ. ಚೆನ್ನಾಗಿ ಬರೆದ ಹಾಳೆಯೊಂದನ್ನು ಒಂದು ಮನೆಯ ಫ್ರಿಜ್ಜಿನ ಮೇಲೆ ನೋಡಿದ್ದೆ, ತಾತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಬೆಕ್ಕಿನ ಹೆಸರು, ಏನು ತಿನ್ನುತ್ತದೆ, ಯಾವ ಬಟ್ಟಲಲ್ಲಿ, ಎಷ್ಟು ಹೊತ್ತಿಗೆ. ಪ್ರಾಣಿಗಳ ಡಾಕ್ಟರ ಫೋನ್ ನಂಬರ್. ಬೆಕ್ಕಿನ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿದೆ, ಹನ್ನೆರಡು ಗಂಟೆಗೊಮ್ಮೆ, ಊಟ ಮಾಡದಿದ್ದರೆ ಚುಚ್ಚಬೇಡಿ, ಮೊದಲು ಡಾಕ್ಟರನ್ನು ಕೇಳಿ. ಕೊನೆಗೆ ಒಂದು ಸಾಲು: ಹೆದರಿದರೆ ಬಟ್ಟೆ ಬೀರುವಿನ ಹಿಂದೆ ಇರುತ್ತದೆ, ಎಳೆಯಬೇಡಿ, ಊಟ ಇಟ್ಟು ದೂರ ಕುಳಿತುಕೊಳ್ಳಿ. ಗೊತ್ತಿಲ್ಲದವರು ಒಳಗೆ ಬಂದಾಗ ಬೆಕ್ಕು ಕಾಣಿಸದಿದ್ದರೆ ಮನೆಯಲ್ಲಿ ಬೆಕ್ಕೇ ಇಲ್ಲ ಅಂದುಕೊಂಡು ಬಾಗಿಲು ಹಾಕಿ ಹೋಗಿಬಿಡಬಹುದು, ಅಲ್ವಾ? ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಲಿವರ್‌ಗೇ ತೊಂದರೆ ಆಗುತ್ತದೆ. ಆ ಒಂದು ಸಾಲು ಒಂದು ಜೀವ ಉಳಿಸಬಲ್ಲದು.

ಲಯನ್ಸ್ ಕ್ಲಬ್ಬಿನವರು ಇಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಬಾಟಲಿ ಕೊಡುತ್ತಾರೆ. ಕಾಯಿಲೆ, ಮಾತ್ರೆ, ಯಾರಿಗೆ ತಿಳಿಸಬೇಕು ಎಲ್ಲಾ ಬರೆದು ಅದರೊಳಗೆ ಹಾಕಿ ಫ್ರಿಜ್ಜಿನಲ್ಲಿಡುವುದು. ಮುಂಬಾಗಿಲ ಒಳಬದಿಗೂ ಫ್ರಿಜ್ಜಿಗೂ ಹಸಿರು ಕ್ರಾಸಿನ ಸ್ಟಿಕ್ಕರ್, ಆಂಬುಲೆನ್ಸಿನವರು ಅದನ್ನು ನೋಡಿ ಹುಡುಕುತ್ತಾರೆ. ಪ್ರಾಣಿಯ ಚೀಟಿಯನ್ನೂ ಅದರಲ್ಲೇ ಹಾಕಿ ಅಂತ ನಾನು ಹೋದ ಮನೆಯಲ್ಲೆಲ್ಲಾ ಹೇಳುತ್ತೇನೆ.

ದುಡ್ಡಿನ ವಿಷಯವೂ ಮೊದಲೇ ಮಾತಾಡಬೇಕು. ನಾನಿಲ್ಲದಾಗ ಇಂಥವರು ಹೇಳಿದರೆ ಚಿಕಿತ್ಸೆ ಕೊಡಿ, ಇಷ್ಟರವರೆಗೆ ಖರ್ಚು ಮಾಡಿ ಅಂತ ಸಹಿ ಹಾಕಿದ ಕಾಗದವನ್ನು ಪ್ರಾಣಿಗಳ ಡಾಕ್ಟರ ಹತ್ತಿರ ಕೊಟ್ಟಿಟ್ಟರೆ ಒಳ್ಳೆಯದು. ಕೆಲವು ಪ್ರಾಣಿ ವಿಮೆಗಳಲ್ಲಿ ಯಜಮಾನರು ಆಸ್ಪತ್ರೆಗೆ ಸೇರಿದಾಗ ಕೆನಲ್ ಖರ್ಚೂ ಸಿಗುತ್ತದೆ, ಷರತ್ತು ಓದಿ ನೋಡಬೇಕು.

ಯಾರೂ ಯೋಚಿಸದ ಇನ್ನೊಂದು ವಿಷಯ ಮನೆಗೆ ವಾಪಸ್ ಬರುವ ದಿನ. ಸೊಂಟದ ಮೂಳೆ ಮುರಿದು ಆಪರೇಷನ್ ಆದವರು ವಾಕರ್ ಹಿಡಿದುಕೊಂಡು ಬರುತ್ತಾರೆ, ನಾಯಿ ಖುಷಿಯಿಂದ ಓಡಿ ಬಂದು ಕಾಲಿಗೆ ಬಿದ್ದರೆ ಮತ್ತೆ ಆಸ್ಪತ್ರೆಯೇ ಗತಿ. ನನ್ನನ್ನು ಕೇಳಿದರೆ, ಮೊದಲು ಅವರು ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳಲಿ, ಆಮೇಲೆ ನಾಯಿಯನ್ನು ಬೆಲ್ಟ್ ಹಾಕಿ ಒಳಗೆ ತರಲಿ. ಮುಂದಿನ ಕೆಲವು ವಾರ ಓಡಾಡಿಸುವ ಕೆಲಸ ಬೇರೆಯವರದ್ದೇ ಆಗಿರಲಿ.

ನಿಮ್ಮಲ್ಲೂ ಎಷ್ಟೋ ಜನರ ಅಪ್ಪ ಅಮ್ಮ ಒಂದು ನಾಯಿ ಇಟ್ಟುಕೊಂಡು ಇಬ್ಬರೇ ಇದ್ದಾರೆ, ಮಕ್ಕಳು ನನ್ನ ಹಾಗೆ ದೂರ ಇದ್ದೀರಿ. ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ ಬಿಡು ಅಂತ ಅಮ್ಮ ಹೇಳಿದರೆ ಅಲ್ಲಿಗೇ ಬಿಡಬೇಡಿ. ಪಕ್ಕದ ಮನೆಯವರನ್ನು ಕೇಳಿದ್ದೀಯಾ, ಅವರ ಹತ್ತಿರ ಕೀಲಿ ಇದೆಯಾ, ಅವರು ಒಳಗೆ ಬಂದರೆ ನಾಯಿ ಸುಮ್ಮನಿರುತ್ತದಾ, ಅದರ ಮಾತ್ರೆ ಎಲ್ಲಿದೆ ಅಂತ ಅವರಿಗೆ ಗೊತ್ತಾ, ಇಷ್ಟನ್ನು ಕೇಳಿ. ಇಲ್ಲ ಅಂತ ಉತ್ತರ ಬಂದರೆ ಮುಂದಿನ ಸಲ ಹೋದಾಗ ನೀವೇ ಪಕ್ಕದ ಮನೆಯವರನ್ನು ಕರೆದು, ನಾಯಿಗೆ ಅವರ ಕೈಯಿಂದಲೇ ಊಟ ಹಾಕಿಸಿ.