ಒಂದೇ ಬಾಣಲೆ

21 ಡಿಸೆಂಬರ್ 2024, ಶನಿವಾರ
ಕೆಸೋನ್ ಸಿಟಿ, ಫಿಲಿಪೀನ್ಸ್

ರಾತ್ರಿ ಹನ್ನೊಂದಾಯಿತು. ಎರಡು ಸಲ ಸೋಪು ಹಚ್ಚಿದರೂ ಕೈಯಿಂದ ಬೆಳ್ಳುಳ್ಳಿ ವಾಸನೆ ಹೋಗಿಲ್ಲ.

ಎದುರು ಮನೆ ಆತೆ ಮಧ್ಯಾಹ್ನ ಲುಂಪಿಯಾ (ಇಲ್ಲಿಯ ಸ್ಪ್ರಿಂಗ್ ರೋಲ್) ಸುತ್ತೋಕೆ ಕರೆದಿದ್ದರು. ಆತೆ ಅಂದರೆ ಇಲ್ಲಿ ಅಕ್ಕ. ಎಷ್ಟು ಸಲ ಹೇಳಿದರೂ ಅಮ್ಮ ಫೋನಲ್ಲಿ 'ನಿಮ್ಮತ್ತೆ ಹೇಗಿದಾರೆ, ಊರಲ್ಲಿರೋರಲ್ಲ, ಅಲ್ಲಿಯವರು' ಅಂತಲೇ ಕೇಳುವುದು. 24ರ ನಡುರಾತ್ರಿ ನೋಚೆ ಬುವೆನಾ, ಅಂದರೆ ಕ್ರಿಸ್‌ಮಸ್ ಊಟ. ಈಗಲೇ ಸುತ್ತಿ ಫ್ರೀಜರ್‌ಗೆ ಹಾಕಿದರೆ ಅವತ್ತು ಸೀದಾ ಎಣ್ಣೆಗೆ ಬಿಡಬಹುದು.

ಲುಂಪಿಯಾ ಹಾಳೆ ನೀರುದೋಸೆಗಿಂತ ತೆಳು. ಒಂದಕ್ಕೊಂದು ಅಂಟಿಕೊಂಡಿರುತ್ತೆ, ಬಿಡಿಸುವಾಗ ಉಸಿರು ಹಿಡಿಯಬೇಕು. ಬಿಡಿಸಿದ್ದರ ಮೇಲೆ ಒದ್ದೆ ಬಟ್ಟೆ ಮುಚ್ಚದಿದ್ದರೆ ಹಪ್ಪಳ. ಹಂದಿ ಕೈಮಾ, ಕ್ಯಾರೆಟ್, ಈರುಳ್ಳಿ ಹಾಕಿ ಕಿರುಬೆರಳಷ್ಟು ಸಣ್ಣಗೆ ಸುತ್ತುವುದು ಲುಂಪಿಯಾಂಗ್ ಶಾಂಘಾಯ್. ಹೆಸರು ಶಾಂಘಾಯ್, ಆದರೆ ಲುಂಪಿಯಾ ಇಲ್ಲಿಗೆ ಬಂದಿದ್ದು ಫುಜಿಯನ್ ಕಡೆಯ ಚೀನೀಯರ ಜೊತೆ. ನಮ್ಮ ಗೋಬಿ ಮಂಚೂರಿ ಮಂಚೂರಿಯಾ ಕಂಡಿದೆಯಾ, ಹಾಗೆ.

ನನಗೆ ಬೇರೆ ಬಟ್ಟಲು, ಬೇರೆ ಚಮಚ. ಮೊಳಕೆ ಹೆಸರುಕಾಳು, ತೋಫು, ಬೀನ್ಸ್. ಆತೆ ಕೇಳದೆಯೇ ಎತ್ತಿಟ್ಟಿದ್ದರು. 'ಹಿಗ್ಪಿತನ್ ಮೋ' ಅಂತ ನನ್ನ ಕೈ ನೋಡಿ ಗದರುತ್ತಿದ್ದರು. ಬಿಗಿಯಾಗಿ ಸುತ್ತು ಅಂತ. ನನ್ನ ಕಿವಿಗೆ ಮಾತ್ರ 'ಹಿಗ್ಗು' ಕೇಳಿಸುತ್ತೆ, ಅದಕ್ಕೇ ಇರಬೇಕು ನನ್ನವೆಲ್ಲ ಹೊಟ್ಟೆ ಉಬ್ಬಿಸಿಕೊಂಡಿದ್ದವು. ಅಂಚಿಗೆ ಮೈದಾ ನೀರು ಹಚ್ಚಿ ಒತ್ತುವುದು ಮಾತ್ರ ಚೆನ್ನಾಗಿ ಬಂತು. ಕರಿಗಡುಬು ಮಾಡಿದ ಕೈ ಅಲ್ವಾ.

ನಾಲ್ಕು ಗಂಟೆಗೆ ಮೆರಿಯೆಂದಾ, ಸಂಜೆ ತಿಂಡಿ, ಅಂತ ಸ್ವಲ್ಪ ಕರಿದರು. ಮೊದಲು ಶಾಂಘಾಯ್. ಅದು ಎದ್ದ ಮೇಲೆ, ಅದೇ ಬಾಣಲೆಗೆ, ಅದೇ ಎಣ್ಣೆಗೆ, ನನ್ನ ಐದು.

ನೋಡಿದೆ. ಬಾಯಿ ಬರಲಿಲ್ಲ. ಅಷ್ಟು ಜೋಪಾನವಾಗಿ ಬೇರೆ ಬಟ್ಟಲು ಇಟ್ಟವರಿಗೆ ಎಣ್ಣೆಯ ಲೆಕ್ಕ ಹೊಳೆದೇ ಇರಲಿಲ್ಲ. ತಟ್ಟೆ ಮುಂದಿಟ್ಟು, ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿದ ವಿನೆಗರ್ ಪಕ್ಕದಲ್ಲಿಟ್ಟು, 'ಮಸರಪ್?' ಅಂತ ನನ್ನ ಮುಖವನ್ನೇ ನೋಡುತ್ತಾ ನಿಂತರು. ರುಚಿಯಾ?

ತಿಂದೆ. ಐದೂ. ರುಚಿಯಾಗಿಯೇ ಇತ್ತು, ಅದೇ ತೊಂದರೆ. ಆ ಗರಿಗರಿ ಸದ್ದು ಇನ್ನೂ ಕಿವಿಯಲ್ಲಿದೆ.

ಇವರಿಗೆ ಹೇಳಿದರೆ ನಕ್ಕರು. 'ಹೋಟೆಲಲ್ಲಿ ತಿಂತೀಯಲ್ಲ, ಅಲ್ಲೇನು ಎಣ್ಣೆ ಮಡಿಯಾ?' ನಿಜ. ಆದರೆ ಅಲ್ಲಿ ಕಣ್ಣಿಗೆ ಬೀಳಲ್ಲ.

ಸಂಜೆ ಅಮ್ಮನ ಫೋನ್. ಏನು ಮಾಡಿದೆ, ಏನು ತಿಂದೆ. ಹೇಳಿದೆ. 'ಬೇರೆ ಎಣ್ಣೆ ತಾನೇ?' ಅಂದಳು, ಎದುರಿಗೇ ನಿಂತು ನೋಡಿದ ಹಾಗೆ. 'ಹ್ಞೂಂ ಅಮ್ಮ' ಅಂದುಬಿಟ್ಟೆ. ಎಣ್ಣೆಗಿಂತ ಈಗ ಅದೇ ಕಾಡುತ್ತಿದೆ.

ಮಂಗಳವಾರ ಮತ್ತೆ ಅದೇ ಅಡುಗೆಮನೆ. ನನ್ನದನ್ನು ಮೊದಲು ಕರಿಯಿರಿ ಅಂದರೆ ಮುಗಿಯಿತು. 'ಉನಾ' ಅಂದರೆ ಮೊದಲು, ಅಷ್ಟು ತಗಾಲೊಗ್ ಬರುತ್ತೆ. ಆದರೆ ಯಾಕೆ ಅಂತ ಕೇಳಿ, ಕಾರಣ ಹೇಳಿ, ಆಮೇಲೆ ಆತೆಗೆ ಶನಿವಾರದ್ದು ನೆನಪಾದರೆ