ಬೀಳಗಿಯಿಂದ ಬಾದಾಮಿಗೆ ಮಣ್ಣಿನ ದಾರಿ ಹಿಡಿಯೋರಿಗೆ

ಜನವರಿಯಲ್ಲಿ ನಾನು ಮತ್ತು ನನ್ನ ತಮ್ಮ (ಕಾಕಾನ ಮಗ) ಹಳೇ ಜೀಪಿನಲ್ಲಿ ವಿಜಯಪುರದಿಂದ ಕೊಲ್ಹಾರ, ಬೀಳಗಿ ಮೇಲೆ ಬಾದಾಮಿಗೆ ಹೋಗಿ ಬಂದೆವು. ಎರಡು ದಿನ. ಹೆದ್ದಾರಿ ಬಿಟ್ಟು ಆದಷ್ಟು ಮಣ್ಣಿನ ದಾರಿಯಲ್ಲೇ ಹೋಗಬೇಕು ಅನ್ನೋದು ಹಟ. ಈ ಹಟದಿಂದ ಎರಡು ಕಡೆ ತಲೆ ತಗ್ಗಿಸಿ ಗಾಡಿ ತಿರುಗಿಸಬೇಕಾಯಿತು, ಅದಕ್ಕೇ ಇದನ್ನು ಬರೀತಿದ್ದೇನೆ.

ಕೊಲ್ಹಾರದ ಉದ್ದನೆಯ ಸೇತುವೆ ದಾಟಿ ಸ್ವಲ್ಪ ಮುಂದೆ ಫೋನಿನ ನಕ್ಷೆಯಲ್ಲಿ ಒಂದು ತೆಳು ಗೆರೆ ಕಾಣಿಸಿತು. ಸರಿ ಅಂತ ಇಳಿಸಿದೆವು. ಅರ್ಧ ಕಿಲೋಮೀಟರ್ ಹೋಗೋದರೊಳಗೆ ಎರಡೂ ಕಡೆ ಬಿಳಿಜೋಳದ ತೆನೆ ಕನ್ನಡಿಗೆ ತಾಗತೊಡಗಿತು. ಬದುವಿನ ಮೇಲೆ ಕೂತಿದ್ದ ಅಜ್ಜಾರು ಎದ್ದು ಬಂದರು.

"ಯಾಕ್ರೀ, ಜ್ವಾಳದಾಗ ಎಲ್ಲಿಗೆ ಹೊಂಟ್ರಿ?"

"ಅಜ್ಜಾರ, ಫೋನಿನ್ಯಾಗ ದಾರಿ ತೋರಸ್ತದರಿ."

"ಫೋನಿನ್ಯಾಗ ಇರಬಹುದರಿ. ಇದು ನಾವು ಅಣತಮ್ಮರು ಕೂಡಿ ಬಿಟ್ಕೊಂಡ ದಾರಿ. ನಕಾಶಿ ಕಂಡ ದಾರಿ ಅಲ್ಲಿ ಬೇವಿನ ಗಿಡದ ಹಂತ್ಯಾಕ ಐತಿ ನೋಡ್ರಿ."

ಅರ್ಧ ಕಿಲೋಮೀಟರ್ ರಿವರ್ಸ್. ತಮ್ಮ ಕೆಳಗಿಳಿದು ಹಿಂದೆ ಹಿಂದೆ ನಡೆಯುತ್ತಾ ಕೈ ತೋರಿಸುತ್ತಿದ್ದ, ನಾನು ಬೆವರುತ್ತಿದ್ದೆ.

ಅಜ್ಜಾರು ಹೇಳಿದ 'ನಕಾಶೆ ಕಂಡ ದಾರಿ' ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಕಂದಾಯದ ಗ್ರಾಮ ನಕ್ಷೆಯಲ್ಲಿ ಗುರುತಾಗಿರುವ ದಾರಿ ಅದು. ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಬಂಡಿದಾರಿ ಎಲ್ಲರಿಗೂ ಸೇರಿದ್ದು. ಕಾಲುದಾರಿ ನಡೆಯೋಕೆ ಮಾತ್ರ, ಬೈಕ್ ಹೋಗುತ್ತೆ ಅಂತ ನುಗ್ಗಬೇಡಿ. ಗ್ರಾಮ ನಕ್ಷೆಯನ್ನು ಭೂದಾಖಲೆ ಇಲಾಖೆಯ ತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಜೊತೆಗೆ ಫೋನಿಗೆ 'ದಿಶಾಂಕ್' ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರನ್ನು ಗ್ರಾಮ ನಕ್ಷೆಯಲ್ಲಿ ಹುಡುಕಿದರೆ ನೀವು ದಾರಿ ಮೇಲಿದ್ದೀರೋ, ಯಾರದೋ ಹೊಲದಲ್ಲಿದ್ದೀರೋ ಅಂತ ಸುಮಾರಾಗಿ ಗೊತ್ತಾಗುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ನಂಬಬೇಡಿ, ನಕ್ಷೆ ಮನೆಯಲ್ಲೇ ಇಳಿಸಿಕೊಂಡು ಹೊರಡಿ.

ಇನ್ನೊಂದು ಗೊಂದಲ ಇದೆ. "ಈ ದಾರಿಯಲ್ಲಿ ಎಲ್ಲರೂ ಓಡಾಡ್ತಾರಲ್ವಾ?" ಅಂತ ಕೇಳೋರಿದ್ದಾರೆ. ಓಡಾಡ್ತಾರೆ, ಆದರೆ ಯಾರು? 1882ರ ಈಸ್‌ಮೆಂಟ್ (ಬೇರೆಯವರ ಜಮೀನಿನಲ್ಲಿ ಹಾದು ಹೋಗುವಂಥ ಹಕ್ಕುಗಳ) ಕಾಯ್ದೆ ಪ್ರಕಾರ 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಯ ಮೇಲೆ ಅದರಾಚೆ ಇರುವ ಹೊಲದವರಿಗೆ ಹಕ್ಕು ಬರುತ್ತದೆ. ಆ ಹಕ್ಕು ಅವರ ಹೊಲಕ್ಕೆ ಅಂಟಿದ್ದು. ಸುತ್ತಾಡೋಕೆ ಬಂದ ನನಗೂ ನಿಮಗೂ ಅದರಲ್ಲಿ ಪಾಲಿಲ್ಲ.

ಉದ್ಯೋಗ ಖಾತ್ರಿಯಲ್ಲಿ 'ನಮ್ಮ ಹೊಲ ನಮ್ಮ ದಾರಿ' ಅಂತ ಗರಸು ಹಾಕಿದ ದಾರಿಗಳು ಈ ಕಡೆ ಸಿಗುತ್ತವೆ. ಬೋರ್ಡ್ ಕಂಡರೆ ನಿಶ್ಚಿಂತೆಯಿಂದ ಹೋಗಿ. ಗ್ರಾಮ ಸಡಕ್ ಬೋರ್ಡ್ ಇದ್ದರಂತೂ ಕೇಳೋದೇ ಬೇಡ.

ಎರಡನೇ ಪಾಠ ಯಡಹಳ್ಳಿ ಹತ್ತಿರ. ಬೀಳಗಿ, ಮುಧೋಳ ನಡುವಿನ ಈ ಕುರುಚಲು ಗುಡ್ಡ 2016ರಿಂದ ಚಿಂಕಾರ (ಒಂದು ಜಾತಿಯ ಸಣ್ಣ ಹುಲ್ಲೆ) ವನ್ಯಜೀವಿ ಧಾಮ, ಸುಮಾರು 96 ಚದರ ಕಿಲೋಮೀಟರ್. ನೋಡೋಕೆ ದಟ್ಟ ಕಾಡಲ್ಲ, ಹಾಗಾಗಿ ಧಾಮದ ಒಳಗೆ ಬಂದಿದ್ದೇವೆ ಅಂತ ಅನ್ನಿಸೋದೇ ಇಲ್ಲ. ನಾವು ಚಕ್ರದ ಗುರುತು ನೋಡಿಕೊಂಡು ಡಾಂಬರು ಬಿಟ್ಟು ಇಳಿದೆವು. ಅರಣ್ಯ ಇಲಾಖೆಯ ಗಾರ್ಡ್ ಬೈಕಿನಲ್ಲಿ ಬಂದು ನಿಲ್ಲಿಸಿದರು. ಆ ಗುರುತು ಅವರದೇ ಇಲಾಖೆ ಗಾಡಿಯದ್ದಂತೆ! ನಮ್ಮ ಪುಣ್ಯ, ಬೈದು ಕಳಿಸಿದರು, ಕೇಸ್ ಹಾಕಲಿಲ್ಲ.

1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಧಾಮದೊಳಗೆ ಯಾರು ಬರಬಹುದು ಅಂತ ಹೇಳುತ್ತದೆ. ಕೆಲಸದ ಮೇಲಿರುವ ಸರ್ಕಾರಿ ನೌಕರರು, ಅನುಮತಿ ಪಡೆದವರು, ಒಳಗೆ ಆಸ್ತಿ ಇರುವವರು ಮತ್ತು ಅವರ ಮೇಲೆ ಅವಲಂಬಿತರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರು. ಅಂದರೆ ನೀವು ಆ ರಸ್ತೆ ಬಿಟ್ಟು ಇಳಿದ ಕೂಡಲೇ ಅನುಮತಿ ಬೇಕು. ಚಿಂಕಾರ ನೋಡಲೇಬೇಕು ಅನ್ನೋರು ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಧಾಮ ಅಲ್ಲದ ಮೀಸಲು ಅರಣ್ಯಕ್ಕೂ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ದನ ತಡೆಯೋ ಕಂದಕ, ಇಲಾಖೆಯ ಕಲ್ಲು, ಸರಪಳಿ ಕಂಡಲ್ಲಿ ಗಾಡಿ ನಿಲ್ಲಿಸಿ. ಸರಪಳಿ ಬಿಚ್ಚಿದ್ದರೂ ಅದು ಕರೆಯೋಲೆ ಅಲ್ಲ.

ಕಾಲುವೆ ದಾರಿ ನೋಡಿದರೆ ಆಸೆ ಆಗುತ್ತೆ. ನೆಟ್ಟಗೆ ಇರುತ್ತೆ, ಖಾಲಿ ಇರುತ್ತೆ, ಕಬ್ಬಿನ ಟ್ರ್ಯಾಕ್ಟರುಗಳೂ ಓಡುತ್ತಿರುತ್ತವೆ. ಆದರೆ ಅದು ನೀರಾವರಿಯವರ ತಪಾಸಣೆ ರಸ್ತೆ. ಬೋರ್ಡ್ ಇಲ್ಲದಿದ್ದರೆ ಕಾಲುವೆ ಕೆಲಸಗಾರರನ್ನು ಕೇಳಿ, ಇಲ್ಲಾಂದ್ರೆ ಬಿಟ್ಟುಬಿಡಿ. ಎದುರು ಎರಡು ಟ್ರೇಲರಿನ ಟ್ರ್ಯಾಕ್ಟರ್ ಬಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಎಲ್ಲಿಗೆ ಸರಿಯುತ್ತೀರಿ?

ಹಿನ್ನೀರಿನ ಕಡೆ ನಕಾಶೆಯೂ ಕೈಕೊಡಬಹುದು. ಆಲಮಟ್ಟಿ ಜಲಾಶಯ ಪೂರ್ತಿ ಮಟ್ಟಕ್ಕೆ, ಅಂದರೆ 519.60 ಮೀಟರ್‌ಗೆ, ತುಂಬಿದಾಗ ಮುಳುಗುವ ಊರುಗಳ ಬಂಡಿದಾರಿ ಹಳೇ ನಕಾಶೆಯಲ್ಲಿ ಇನ್ನೂ ಇದೆ, ದಾರಿ ಹೋಗೋದು ನೀರಿಗೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಆ ನೆಲ ಒಣಗಿದಂತೆ ಕಾಣುತ್ತದೆ, ಮೇಲಿನ ಪದರ ಮಾತ್ರ. ಕೆಳಗೆ ಎರೆ ಹಸಿಯಾಗಿರುತ್ತದೆ. ಜಮೀನು ಯೋಜನೆಗೆ ಸ್ವಾಧೀನ ಆಗಿದ್ದು, ಮೇಲೆ ಯಾರೋ ಬೆಳೆ ಹಾಕಿರುತ್ತಾರೆ. ಫೋಟೋ ತೆಗೆಯಬೇಕಾದರೆ ದಂಡೆಯಲ್ಲಿ ನಿಲ್ಲಿಸಿ ನಡೆದು ಹೋಗಿ.

ಎರೆ ನೆಲದ ಬಂಡಿದಾರಿಗೆ ಡಿಸೆಂಬರ್‌ನಿಂದ ಮಾರ್ಚ್ ಸರಿ. ಮಳೆ ಬಿದ್ದ ಎರಡು ಮೂರು ದಿನ ಹಕ್ಕಿದ್ದರೂ ಹೋಗಬೇಡಿ. ನಿಮ್ಮ ಚಕ್ರ ಕೊರೆದ ಹಳ್ಳ ಒಣಗಿ ಕಲ್ಲಾದ ಮೇಲೆ ಎತ್ತಿನ ಕಾಲು ಉಳುಕೋದು ಅದರಲ್ಲೇ.

ನಾವು ಅನಗವಾಡಿ ಹತ್ತಿರ ಮತ್ತೆ ಹೆದ್ದಾರಿ ಸೇರಿ, ಗದ್ದನಕೇರಿ, ಕೆರೂರ ಮೇಲೆ ಸಂಜೆಗೆ ಬಾದಾಮಿ ಮುಟ್ಟಿದೆವು. ಮರುದಿನ ಮಹಾಕೂಟಕ್ಕೆ ಗುಡ್ಡದ ಮೇಲಿನ ಹಳೇ ದಾರಿ ಇದೆಯಂತೆ, ಜೀಪ್ ಹೋಗುತ್ತಾ ಅಂತ ಚಹಾ ಅಂಗಡಿಯಲ್ಲಿ ಕೇಳಿದೆ. ತಮ್ಮ ನನ್ನ ಮುಖ ನೋಡಿದ. ಕೀಲಿ ಲಾಡ್ಜಿನಲ್ಲೇ ಬಿಟ್ಟು ನಡೆದೆವು. ಬೆಳಿಗ್ಗೆ ಏಳಕ್ಕೇ ಹೊರಡಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ವಾಪಸ್ ಬರೋಕೆ ಕೆಳಗಿನ ರಸ್ತೆಯಲ್ಲಿ ಆಟೋ ಸಿಗುತ್ತದೆ, ಮೊದಲೇ ಮಾತಾಡಿಟ್ಟುಕೊಂಡರೆ ಒಳ್ಳೆಯದು.