ಎಲಾ, ಯೆಲಾ, ಹೆಲಾ

ದಾವಣಗೆರೆಯಲ್ಲಿ ಗಂಟೆ ಲೆಕ್ಕದ ಸ್ಟುಡಿಯೊ, ಮೊಬೈಲ್ ಗೇಮಿನ ಕಾಡುಜನಕ್ಕೆ ಹೊಸ ಭಾಷೆ. ಮೇಲಿನವರ ಬ್ರೀಫ್ ಒಂದೇ ಸಾಲು: ಕನ್ನಡದ ಹಾಗೆ ಕೇಳಬಾರದು, ನಮ್ಮ ಕಲಾವಿದರ ಬಾಯಲ್ಲೇ ಬರಬೇಕು. ಎರಡೂ ಒಟ್ಟಿಗೆ ಹೇಗೆ ಅಂತ ಕೇಳಿದರೆ ಉತ್ತರ ಇಲ್ಲ, ಡೇಟ್ ಮಾತ್ರ ಇದೆ.

ಭಾಷೆಯ ಧ್ವನಿ, ಪದ ಪಟ್ಟಿಮಾಡಿದ ಶೀಟಿನಲ್ಲಿ 16 ವ್ಯಂಜನ, 5 ಸ್ವರ. ಪದದ ಕೊನೆಗೆ ವ್ಯಂಜನ ಇಡಲಿಲ್ಲ. ಇಟ್ಟರೆ ಬಸ್ ಬಸ್ಸಾದಂತೆ ಅಲ್ಲೊಂದು ಉಕಾರ ಅಂಟಿಕೊಳ್ಳುತ್ತದೆ. ವಿಚಿತ್ರ ಕೇಳಲಿ ಅಂತ ಸೇರಿಸಿದ್ದು ಗಂಟಲು ಬಿಗಿದು ಸಿಡಿಸುವ ಒಂದು ಕ. ಉಸಿರು ಹಿಡಿದುಕೊಂಡೇ ಕ ಅಂದರೆ ಅದು ಬರುತ್ತದೆ. ಕ ಕೆಳಗೆ ನುಕ್ತಾ, ಅಂದರೆ ಚುಕ್ಕೆ, ಹಾಕಿ ಬರೆದಿದ್ದೆವು, ಪ್ರಿಂಟ್ ಅಂಗಡಿಯಲ್ಲಿ ಹಳೆ ಫಾಂಟಿಗೆ ಬದಲಾಯಿಸುವಾಗ ಚುಕ್ಕೆಗಳೆಲ್ಲ ಉದುರಿದವು. ಬಾಯಲ್ಲಿ ಹೇಳಿಕೊಟ್ಟರೆ ಕಲಾವಿದರು ಖ ಅಂದರು. ತುಟಿ ಮುಂದೆ ಟಿಶ್ಯೂ ಹಿಡಿದು ತೋರಿಸಿದ ಮೇಲೆ ದಾರಿಗೆ ಬಂತು: ಖಕ್ಕೆ ಅದು ಹಾರುತ್ತದೆ, ಇದಕ್ಕೆ ಅದುರಿ ನಿಲ್ಲುತ್ತದೆ. ಮೈಕಿನ ಗೇನ್ ಇಳಿಸದಿದ್ದರೆ ಆ ಸಿಡಿತ ಪೀಕ್ ಆಗಿ ಧ್ವನಿ ಒಡೆಯುತ್ತದೆ, ಅಷ್ಟೆ.

ಕೈಕೊಟ್ಟಿದ್ದು ಕಷ್ಟದ ಧ್ವನಿಯಲ್ಲ, ತೀರಾ ಸುಲಭ ಅಂತ ಬಿಟ್ಟಿದ್ದು. ಎಲಾ ಅಂದರೆ ಬಾ. ಯೆಲಾ ಅಂದರೆ ಕೊಲ್ಲು. ಹೆಲಾ ಅಂದರೆ ನೀರು. ಎಕ್ಸೆಲ್‌ನಲ್ಲಿ ಮೂರೂ ಬೇರೆ ಬೇರೆ ಸಾಲು, ಒಂದೇ ಧ್ವನಿಯಲ್ಲಿ ಬೇರೆಯಾಗುವ ಚೊಕ್ಕ ಜೋಡಿಗಳು, ಮಿನಿಮಲ್ ಪೇರ್. ಆದರೆ ಕನ್ನಡದ ನಾಲಿಗೆ ಪದದ ಮೊದಲಿನ ಎಕಾರಕ್ಕೆ ತಾನೇ ಯಕಾರ ಹಚ್ಚುತ್ತದೆ. ಎಲ್ಲಿ ಅಂತ ಬರೆದು ಯೆಲ್ಲಿ ಅನ್ನುತ್ತೇವೆ, ಒಂದು ವೊಂದಾಗುತ್ತದೆ. ಸೋಂಜಾ ಲ್ಯಾಂಗ್ 2001ರಲ್ಲಿ ಹೊರತಂದ ಪುಟ್ಟ ಕೃತಕ ಭಾಷೆ ಟೋಕಿ ಪೋನದಲ್ಲಿ ಇರೋದೇ 9 ವ್ಯಂಜನ, 5 ಸ್ವರ. ಅದರಲ್ಲೂ ಬರೀ ಇ, ಉ, ಒ ಜೊತೆ ಕಲಸಿಹೋಗುವ ಯಿ, ವು, ವೊ ನಿಷಿದ್ಧ. ಅದು ಗೊತ್ತಿದ್ದೂ ನಮ್ಮ ಶೀಟಿಗೆ ಅನ್ವಯಿಸಲಿಲ್ಲ. ತಪ್ಪು ನನ್ನದೇ.

ಸ್ಟುಡಿಯೊ ಸ್ಲಾಟಿನಲ್ಲಿ 40 ನಿಮಿಷ ಬಾಕಿ. ಮುದುಕ ಅತಿಥಿಯನ್ನು ಕರೆಯುವ ಸೀನ್. ಬೂತಿಗೆ ಮಾತಾಡುವ ಟಾಕ್‌ಬ್ಯಾಕ್ ಮೈಕಿನಲ್ಲಿ ನಿರ್ದೇಶಕರು ಕೇಳಿದರು, "ಈಗ ಕರೆದನೋ, ಕೊಂದನೋ?" ಹೆಡ್‌ಫೋನ್ ಹಾಕಿ ಮೂರು ಟೇಕ್ ಕೇಳಿದರೂ ಹೇಳಲಾಗಲಿಲ್ಲ. ಸಾಲದ್ದಕ್ಕೆ ಕಲಾವಿದರು ಕಂಪನಿ ನಾಟಕದಲ್ಲಿ ಪಳಗಿದವರು. ಎಲಾ ಕಂಡ ಕೂಡಲೇ ಅದು "ಎಲಾ ದುರುಳಾ" ದನಿಯಲ್ಲೇ ಬರುತ್ತಿತ್ತು. "ಹಕಾರ ಎಲ್ಲಿದೆ ನೋಡಿಕೊಳ್ಳಿ" ಅಂದದ್ದು ಇನ್ನೊಂದು ಎಡವಟ್ಟು. ಆಮೇಲೆ ಎಲ್ಲ ಸಾಲಿಗೂ ಹಕಾರ ಹತ್ತಿತು, ಕರೆಯುವವನೂ ಹೆಲಾ, ಕೊಲ್ಲುವವನೂ ಹೆಲಾ.

ಪಾತ್ರಗಳ ತುಟಿ ಚಲನೆ ಆಗಲೇ ಸ್ಕ್ರಾಚಿಗೆ, ಅಂದರೆ ಮೊದಲ ಕಚ್ಚಾ ಧ್ವನಿಗೆ, ಲಾಕ್ ಆಗಿತ್ತು. ಹಾಗಾಗಿ ಬದಲಿ ಪದ ಎರಡೇ ಅಕ್ಷರ ಇರಬೇಕು, ಪ ಬ ಮ ಬರಬಾರದು, ಮೊದಲ ಸ್ವರಕ್ಕೆ ತುಟಿ ದುಂಡಗಾಗಬಾರದು. ಕೊಲ್ಲುವುದಕ್ಕೆ ಮೊದಲು ಹೊಳೆದದ್ದು ಗಿಡಾ. ಬೂತಿನಲ್ಲಿ ನಗು. ಕೊನೆಗೆ ಕಿಳಾ ನಿಂತಿತು, ನೀರಿಗೆ ನಿರಾ ಬೇಡವೆಂದು ತಿಶಾ. ಸಾಲುಗಳನ್ನು ಮತ್ತೆ ಓದಿಸದೆ ಆಯಾ ಪದವನ್ನಷ್ಟೇ ಹೊಸದಾಗಿ ರೆಕಾರ್ಡ್ ಮಾಡಿ ಪಂಚ್ ಹಾಕಿದೆವು.

ಈಗ ಶೀಟ್ ಲಾಕ್ ಮಾಡುವ ಮೊದಲು ಒಬ್ಬರು ಬೆನ್ನು ತಿರುಗಿಸಿ ಕೂರುತ್ತಾರೆ, ಇನ್ನೊಬ್ಬರು ಜೋಡಿಪದಗಳನ್ನು ಕಲಸಿ ಮಾತಿನ ವೇಗದಲ್ಲಿ 20 ಸಲ ಓದುತ್ತಾರೆ. ಕೇಳಿದ್ದನ್ನು ಬರೆದುಕೊಳ್ಳಬೇಕು, ಎರಡು ತಪ್ಪಿದರೆ ಆ ಜೋಡಿ ಔಟ್. ಓದುವವರು ಶೀಟ್ ಬರೆದವರಾಗಬಾರದು, ಅವರು ಬೇಕೆಂದೇ ಬಿಡಿಸಿ ಓದುತ್ತಾರೆ. ಇದಕ್ಕೆ ಅರ್ಧ ದಿನ ಕೊಡಿ ಅಂದರೆ ಮ್ಯಾನೇಜರು "ಇಲ್ಲದ ಭಾಷೆಗೆ ಉಚ್ಚಾರಣೆ ಪರೀಕ್ಷೆ ಯಾಕ್ರೀ" ಅನ್ನುತ್ತಾರೆ.

ರೆಕಾರ್ಡಿಂಗ್ ಸಾಲುಗಳ ಪಟ್ಟಿಯಾದ ಕ್ಯೂ ಶೀಟಿನಲ್ಲಿ ಕಣ್ತಪ್ಪಿದ ಒಂದು ಯೆಲಾ ಮೂರನೇ ಲೆವೆಲಿನಲ್ಲಿ ಹಾಗೇ ಇದೆ. ಅಜ್ಜಿ ಮೊಮ್ಮಗುವನ್ನು ಊಟಕ್ಕೆ ಕರೆಯುವ ಜಾಗದಲ್ಲಿ.